ಅಳಿಸಬೇಡ, ಒಂದು ಗೆರೆ ಎಳೆ

ಪ್ರೀತಿಯ ಅತ್ತೆ,

ಮುಂದೆ ಕೂತಿರುವ ಅತ್ತೆಗೆ ಎರಡು ಅಡಿ ಹಿಂದೆ ಕೂತಿರುವ ಸೊಸೆ ಪತ್ರ ಬರೆದದ್ದು ಇದೇ ಮೊದಲಿರಬೇಕು. ನಗಬೇಡಿ. ನಕ್ಕರೆ ಒಳಗಿನ ಕೋಣೆಯಿಂದ ನಿಮ್ಮ ಮಗ ಎದ್ದು ಬಂದು ಏನು ಸಮಾಚಾರ ಎಂದು ಕೇಳುತ್ತಾರೆ. ಕಂಪ್ಯೂಟರ್ ಪರದೆಯ ಮೇಲಿರುವುದನ್ನೆಲ್ಲ ಜೋರಾಗಿ ಓದಬೇಕೆಂಬ ನಿಯಮ ಕೈಪಿಡಿಯ ಪುಟಗಳಿಗೆ ಮಾತ್ರ. ಇದನ್ನು ದಯವಿಟ್ಟು ಮನಸ್ಸಿನಲ್ಲೇ ಓದಿ, ಕೊನೆಯವರೆಗೂ ಓದಿ, ಆಮೇಲೆ ಹಿಂದೆ ತಿರುಗಿ.

ಈ ಪತ್ರ ಹುಟ್ಟಿದ್ದು ನಿಮ್ಮ ಬೈಗುಳದಿಂದಲೇ. ನಿನ್ನೆ ಸಂಜೆ ನಾವು ನಲವತ್ತೆರಡನೆಯ ಪುಟಕ್ಕೆ, ಅಂದರೆ ಕೊನೆಯ ಪುಟಕ್ಕೆ ಬಂದಿದ್ದೆವು. 'ಎಲ್ಲಿಟ್ಟೆವೆಂದು ಮರೆತ ಫೈಲನ್ನು ಹುಡುಕುವುದು.' ಹುಡುಕಲು ಏನಾದರೂ ಇರಬೇಕಲ್ಲ, ಅದಕ್ಕೆ 'ಪರೀಕ್ಷೆ ಒಂದು' ಎಂಬ ಖಾಲಿ ಫೈಲ್ ಮಾಡಿಟ್ಟಿದ್ದೆ. ನೀವು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿರಿ. "ಇದನ್ನ ಯಾವ ಪುಣ್ಯಾತ್ಮ ಹುಡುಕ್ತಾನೆ? ಒಳಗೆ ಏನೂ ಇಲ್ಲ. ಕಳ್ಕೊಂಡೋರು ಹುಡುಕೋ ಥರ ಹುಡುಕ್ಬೇಕು ಅಂದ್ರೆ, ಹುಡುಕೋವಂಥದ್ದು ಏನಾದ್ರೂ ಇಡು. ನಾಳೆ ನೋಡೋಣ" ಎಂದು ಎದ್ದೇ ಹೋದಿರಿ. ಹಾಗಾಗಿ, ನೀವು ಬೆಳಗಿನ ವಾಕಿಂಗ್ ಮುಗಿಸಿ ಬರುವುದರೊಳಗೆ ಊಟದ ಮೇಜಿನ ಮುಂದೆ ಕೂತು ಇದನ್ನು ಬರೆಯುತ್ತಿದ್ದೇನೆ. ಗ್ರಂಥಾಲಯದಿಂದ ತಂದ ಈ ಯಂತ್ರದೊಳಗೆ ಸುಮಾರು ಮುನ್ನೂರು ಹಳೆಯ ಫೈಲುಗಳನ್ನು ತುಂಬಿದ್ದೇನೆ. ಅವುಗಳ ನಡುವೆ ಎಲ್ಲೋ ಇದನ್ನೂ ತುರುಕುತ್ತೇನೆ. ಹತ್ತು ಗಂಟೆಗೆ ನೀವು ಕೂತಾಗ ಹೆಸರು ಹೇಳುವುದಿಲ್ಲ. "ಒಳಗೆ 'ಮುಂದಿನ ಪಾಳಿ' ಅಂತ ಒಂದು ಮಾತಿದೆ, ಅಷ್ಟೇ" ಎನ್ನುತ್ತೇನೆ. ಉಳಿದದ್ದನ್ನು ಪುಟವೇ ಹೇಳಬೇಕು. ಹೇಳುತ್ತದೆ. ಆ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಅನುಮಾನ ಇರುವುದು ಪತ್ರ ಓದಿದ ಮೇಲೆ ನೀವು ಏನು ಮಾಡುತ್ತೀರಿ ಎಂಬುದರ ಬಗ್ಗೆ. ಏಕೆಂದರೆ ಈ ಕೈಪಿಡಿಯ ಕಥೆಯನ್ನು ನಾನು ನಿಮಗೆ ಹೇಳಿದ್ದು ಅರ್ಧ ಮಾತ್ರ. ಪೂರ್ತಿ ಹೇಳಬೇಕಾದರೆ ಗೊತ್ತಿರುವ ಅರ್ಧವನ್ನೂ ಇನ್ನೊಮ್ಮೆ ಕೇಳಬೇಕಾಗುತ್ತದೆ, ಸಹಿಸಿಕೊಳ್ಳಿ.

ಗ್ರಂಥಾಲಯದ ಕಂಪ್ಯೂಟರ್ ವಿಭಾಗದಲ್ಲಿ ನನ್ನ ಕೆಲಸ. ಅಲ್ಲಿನ ಹದಿನಾಲ್ಕು ಯಂತ್ರಗಳಲ್ಲೂ ಓಡುವುದು ಯಾರು ಬೇಕಾದರೂ ಬಿಚ್ಚಿ ನೋಡಿ, ತಿದ್ದಿ, ಹಂಚಬಹುದಾದ ಒಂದು ಆಪರೇಟಿಂಗ್ ಸಿಸ್ಟಂ. ಅದನ್ನು ಕಟ್ಟುವವರು, ಅದನ್ನು ಬಳಸುವುದು ಹೇಗೆಂದು ಕೈಪಿಡಿ ಬರೆಯುವವರು, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡದೆ ಎಲ್ಲೆಲ್ಲೋ ಕೂತು ಬಿಡುವಿನಲ್ಲಿ ದುಡಿಯುವ ಜನ. ನಮ್ಮ ಭಾಷೆಯ ಕೈಪಿಡಿಯನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿರುವವಳು ನಾನು. ಆ ಕೈಪಿಡಿ ಸಿಸ್ಟಂ ಜೊತೆಗೇ ಯಂತ್ರದೊಳಗೆ ಬರಬೇಕು, ಇಂಟರ್‌ನೆಟ್ಟಿನಲ್ಲಿ ಎಲ್ಲೋ ಇದ್ದರೆ ಸಾಲದು. ಹೊಸಬರಿಗೆ ಮೊದಲು ಕೈಕೊಡುವುದೇ ಇಂಟರ್‌ನೆಟ್. ಅದನ್ನು ಜೋಡಿಸುವುದು ಹೇಗೆಂಬ ಪುಟವನ್ನು ಅಲ್ಲೇ ಇಟ್ಟರೆ, ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡಂತೆ.

ಎಂಟು ವಾರದ ಹಿಂದೆ ನಮ್ಮೆಲ್ಲರ ಸಂಯೋಜಕ, ನೀವು 'ಗಡಿಯಾರ' ಎಂದು ಹೆಸರಿಟ್ಟಿದ್ದೀರಲ್ಲ, ಆತ ಒಂದು ಕಟ್ಟಪ್ಪಣೆ ಹೊರಡಿಸಿದ. ಪುಟ ಬರೆದವರಲ್ಲದ ಒಬ್ಬರು, ಆಗಷ್ಟೇ ಸಿಸ್ಟಂ ಹಾಕಿದ ಯಂತ್ರದ ಮುಂದೆ ಕೂತು, ಪುಟ ಹೇಳಿದಷ್ಟನ್ನೇ ಮಾಡಬೇಕು. ಬರೆದವರು ಹಿಂದೆ ಕೂತಿರಬೇಕು, ಕೈ ಮಡಿಲಲ್ಲಿ, ಬಾಯಿಗೆ ಬೀಗ. ಕೆಲಸ ಆದರೆ ಪರೀಕ್ಷಿಸಿದವರೇ ತಮ್ಮ ಕೈಯಾರೆ ಟಿಕ್ ಹಾಕಿ ಹೆಸರು ಬರೆಯಬೇಕು. ನಲವತ್ತೆರಡು ಪುಟಕ್ಕೂ ಟಿಕ್ ಬೀಳದಿದ್ದರೆ ಆ ಭಾಷೆಯ ಕೈಪಿಡಿ ಹೊಸ ಆವೃತ್ತಿಯಲ್ಲಿ ಇರುವುದಿಲ್ಲ. ಗಡುವು ಇವತ್ತು ಮಧ್ಯಾಹ್ನ ಹನ್ನೆರಡು.

ನಿಮ್ಮನ್ನು ಕರೆದದ್ದು ಪ್ರೀತಿಯಿಂದ ಎಂದು ಸುಳ್ಳು ಹೇಳುವುದಿಲ್ಲ. ಮೊದಲು ನಿಮ್ಮ ಮಗರಾಯರನ್ನು ಕೂರಿಸಿದೆ, ಮೂರನೆಯ ಪುಟಕ್ಕೆ ತೂಕಡಿಸಿದರು. ಗ್ರಂಥಾಲಯದ ಸಹೋದ್ಯೋಗಿಗಳಿಗೆ ಎಲ್ಲ ಗೊತ್ತು, ಪುಟ ಓದುವ ಮೊದಲೇ ಅವರ ಬೆರಳು ಓಡುತ್ತದೆ. ಕಂಪ್ಯೂಟರಿನ ಗಂಧಗಾಳಿ ಇಲ್ಲದ, ಓದದೆ ಏನನ್ನೂ ಮುಟ್ಟದ ಒಬ್ಬರು ಮನೆಯಲ್ಲೇ ಇದ್ದರು. ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದು, ಏಳನೇ ವಾರ್ಡಿನ ಇನ್‌ಚಾರ್ಜ್ ಆಗಿ ನಿವೃತ್ತರಾಗಿ ಬಂದವರು. ಆದರೆ ಆಗ ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ ಇತ್ತಲ್ಲ. ನೀವು ಬಂದ ವಾರದಲ್ಲೇ ಅಡುಗೆಮನೆಯ ಡಬ್ಬಿಗಳಿಗೆಲ್ಲ ಬಿಳಿ ಪ್ಲಾಸ್ಟರ್ ಅಂಟಿಸಿ, 'ಸಕ್ಕರೆ, ತೆರೆದದ್ದು ಮಂಗಳವಾರ' ಎಂದು ಪೆನ್ನಿನಲ್ಲಿ ಬರೆದಿಟ್ಟಾಗ ನನಗೆ ಮೈಯೆಲ್ಲ ಉರಿದಿತ್ತು. ನನ್ನ ಅಡುಗೆಮನೆಯಲ್ಲಿ ಸಕ್ಕರೆ ಯಾವುದು, ಉಪ್ಪು ಯಾವುದು ಎಂದು ನನಗೆ ತಿಳಿಯದೇ ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಮೊದಲ ದಿನ ನೆನಪಿದೆಯೇ? ಮೊದಲ ಪುಟದ ಮೊದಲ ಸಾಲು: 'ಎಂದಿನಂತೆ ಯಂತ್ರವನ್ನು ಆನ್ ಮಾಡಿ.' ನೀವು ಅದನ್ನು ಜೋರಾಗಿ ಓದಿ ಕೈ ಕೆಳಗಿಳಿಸಿದಿರಿ. "ಎಂದಿನಂತೆ ಅಂದ್ರೆ ಯಾವತ್ತಿನಂತೆ? ನಾನು ಕೂತಿರೋದೇ ಇವತ್ತು. ವಾರ್ಡಲ್ಲಿ 'ಎಂದಿನ ಡೋಸ್ ಕೊಡಿ' ಅಂತ ಬರೆದಿಟ್ಟು ಮನೆಗೆ ಹೋದ್ರೆ, ಮುಂದಿನ ಪಾಳಿಯವಳು ಯಾರನ್ನ ಹೋಗಿ ಕೇಳ್ಬೇಕು? ನಿನ್ನನ್ನ ಎಬ್ಬಿಸ್ಬೇಕಾ?" ಯಂತ್ರದ ಹಿಂಬದಿಯಿಂದ ಶುರುಮಾಡಿ, ಕಂಡ ಒಂದೊಂದು ತೂತಿನ ಮೇಲೂ ಬೆರಳಿಟ್ಟು ಸ್ವಿಚ್ ಹುಡುಕಿದಿರಿ. ಏಳು ನಿಮಿಷ. ನಾನು ತುಟಿ ಕಚ್ಚಿಕೊಂಡು ಕೂತಿದ್ದೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನೀವು ಮುಕ್ಕಾಲು ಗಂಟೆ ಮಾತಾಡಿದ್ದೂ, ನಾನು ಒಂದು ಸಲವೂ ಅಡ್ಡಬಾಯಿ ಹಾಕದೆ ಕೇಳಿದ್ದೂ ಅದೇ ಮೊದಲು. ಗಡಿಯಾರನ ನಿಯಮ ಇಲ್ಲದಿದ್ದರೆ ಆ ಮುಕ್ಕಾಲು ಗಂಟೆ ನಮ್ಮಿಬ್ಬರ ಬಾಳಿನಲ್ಲಿ ಬರುತ್ತಲೇ ಇರಲಿಲ್ಲ.

ಮೊದಲ ವಾರ ನನಗೆ ನಿಮ್ಮ ಮೇಲೆ ಕೋಪ. ಎರಡನೆಯ ವಾರ ನನ್ನ ಪುಟಗಳ ಮೇಲೆ. ಮೂರನೆಯ ವಾರಕ್ಕೆ ನಾನು ಗ್ರಂಥಾಲಯದಿಂದ ಓಡೋಡಿ ಬರತೊಡಗಿದ್ದೆ, ಇವತ್ತು ಅತ್ತೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೋ ನೋಡೋಣ ಎಂದು. ಐದನೆಯ ಪುಟದಲ್ಲಿ ಪರದೆ ಇದ್ದಕ್ಕಿದ್ದ ಹಾಗೆ ಕಪ್ಪಾದಾಗ ನೀವು ಕುರ್ಚಿಯನ್ನೇ ಹಿಂದೆ ತಳ್ಳಿದಿರಿ. ಕೆಟ್ಟಿತು ಎಂದುಕೊಂಡಿರಿ. ಆಮೇಲೆ ಬೆಳಕು ಬಂತು. ಆಗ ನೀವು ಹೇಳಿದ್ದು: "ಇಂಜೆಕ್ಷನ್ ಕೊಡೋ ಮುಂಚೆ ನಾನು ಯಾರಿಗೂ 'ಏನೂ ಆಗಲ್ಲ' ಅಂತ ಹೇಳ್ತಿರ್ಲಿಲ್ಲ. 'ನೋಯುತ್ತೆ. ಹತ್ತು ಎಣಿಸೋವರೆಗೂ ನೋಯುತ್ತೆ. ಆಮೇಲೆ ಇಲ್ಲ' ಅಂತಿದ್ದೆ. ಎಣಿಸೋಕೆ ಏನಾದ್ರೂ ಕೊಟ್ರೆ ಜನ ಹೆದರಲ್ಲ ಕಣೇ." ಈಗ ಆ ಪುಟದಲ್ಲಿ ಹೀಗಿದೆ: 'ಈಗ ಪರದೆ ಕಪ್ಪಾಗುತ್ತದೆ. ಯಂತ್ರ ಕೆಟ್ಟಿಲ್ಲ. ನಿಧಾನವಾಗಿ ಇಪ್ಪತ್ತು ಎಣಿಸಿ.' ಇದನ್ನು ನೋಡಿ ಗಡಿಯಾರ, ಜನ್ಮದಲ್ಲಿ ಯಾರನ್ನೂ ಹೊಗಳದ ಗಡಿಯಾರ, ಬರೆದವರು ಯಾರೆಂದು ಕೇಳಿದ. ಉಳಿದ ಒಂಬತ್ತು ಭಾಷೆಯವರು ಅದನ್ನು ತಮ್ಮ ತಮ್ಮ ಮಾತಿಗೆ ತಂದುಕೊಂಡರು. ಅದು ಏಳನೇ ವಾರ್ಡಿನ ಮಾತು ಎಂದು ಹೆಮ್ಮೆಯಿಂದ ಬರೆದೆ. ಟಿಕ್ ಪಟ್ಟಿಯಲ್ಲಿ ಹೆಸರು ಹಾಕಿ ಎಂದಾಗ "ನನ್ನ ಹೆಸರ್ಯಾಕೆ? ಏಳನೇ ವಾರ್ಡ್ ಅಂತ ಹಾಕ್ತೀನಿ, ನಂಗೆ ಗೊತ್ತಾದ್ರೆ ಸಾಕು" ಎಂದಿದ್ದಿರಲ್ಲ, ಆ ಹೆಸರು ಈಗ ಎಲ್ಲೆಲ್ಲೋ ಇರುವವರಿಗೆ ಗೊತ್ತು.

ಇನ್ನು ಹನ್ನೊಂದನೆಯ ಪುಟ. ಪ್ರಿಂಟರ್ ಜೋಡಿಸುವುದು.

'ಬಲಗಡೆ ಮೇಲಿನ ಮೂಲೆಯಲ್ಲಿರುವ ಹಸಿರು ಬಟನ್ ಒತ್ತಿ' ಎಂದು ಬರೆದಿದ್ದೆ. ನೀವು ಹುಡುಕಿದಿರಿ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಹುಡುಕಿದಿರಿ. ಪರದೆಗೆ ಮೂಗು ತಾಗುವಷ್ಟು ಬಾಗಿ, ಆ ಮೂಲೆಯನ್ನು ಬೆರಳಿನಿಂದ ಸವರಿದಿರಿ. ಇಪ್ಪತ್ತು ನಿಮಿಷವಾದ ಮೇಲೆ, "ನನ್ನ ಕಣ್ಣೇ ಹೋಗಿದೆ ಅಂತ ಕಾಣುತ್ತೆ. ಇವತ್ತಿಗೆ ಸಾಕು" ಎಂದು ಎದ್ದಿರಿ. ಅಷ್ಟು ಸಣ್ಣ ದನಿಯಲ್ಲಿ ನೀವು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹಸಿರು ಬಟನ್ ಅಲ್ಲಿ ಇಲ್ಲವೆಂದು ನನಗೂ ಕಾಣುತ್ತಿತ್ತು. ಒಳಗೆ ಹೋಗಿ ನನ್ನ ಕಂಪ್ಯೂಟರ್ ತೆರೆದೆ. ಅಲ್ಲಿ ಇತ್ತು. ಹೊಳೆಯುತ್ತ ಕೂತಿತ್ತು. ಆರು ವರ್ಷದ ಹಿಂದೆ ನಿಮ್ಮ ಮಗ ನನ್ನ ಅನುಕೂಲಕ್ಕೆಂದು ಅಲ್ಲಿ ಇಟ್ಟುಕೊಟ್ಟ ಬಟನ್ ಅದು. ಇಡೀ ಲೋಕದಲ್ಲಿ ಅದು ಇದ್ದದ್ದು ನನ್ನ ಒಂದು ಯಂತ್ರದಲ್ಲಿ. ನಾನು ಅದನ್ನು ದಿನಾ ಒತ್ತಿ ಒತ್ತಿ, ಎಲ್ಲರ ಮನೆಯಲ್ಲೂ ಇದೆ ಎಂದುಕೊಂಡು ಕೈಪಿಡಿಯಲ್ಲಿ ಬರೆದುಬಿಟ್ಟಿದ್ದೆ.

ಅದೇ ಗಳಿಗೆಯಲ್ಲಿ ಹೊರಗೆ ಬಂದು ಹೇಳಬೇಕಿತ್ತು. ಹೇಳಲಿಲ್ಲ. ಮಾರನೆಯ ದಿನ ಕೆಲಸದಿಂದ ಬಂದರೆ ನೀವು ಮನೆಯಲ್ಲಿರಲಿಲ್ಲ. ಒಬ್ಬರೇ ಎರಡು ಬಸ್ ಬದಲಾಯಿಸಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಿರಿ. ಬಂದು ಚಪ್ಪಲಿ ಬಿಡುತ್ತಲೇ ಹೇಳಿದಿರಿ: "ಡಾಕ್ಟ್ರು ಹೇಳಿದ್ರು, ನಿಮ್ಮ ಕಣ್ಣು ಚೆನ್ನಾಗಿದೆ, ತೊಂದರೆ ಕಣ್ಣಲ್ಲಿಲ್ಲ ಅಂತ. ಹಾಗಾದ್ರೆ ಎಲ್ಲಿದೆ, ನೀನೇ ಹುಡುಕು." ಆಗ ಪುಟವೇ ತಪ್ಪು ಎಂದು ಒಪ್ಪಿಕೊಂಡೆ. ನೀವು ನಕ್ಕಿರಿ, ನಿಮ್ಮ ಮಗನಿಗೂ ಬೈದಿರಿ, ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡಿರಿ.

ಮುಗಿದಿರಲಿಲ್ಲ. ನಾನು ಹೇಳದ ಅರ್ಧ ಇದು. ಎರಡು ವರ್ಷದ ಹಿಂದಿನ ಆವೃತ್ತಿಯಲ್ಲೂ ಪರೀಕ್ಷಿಸಿದವರ ಹೆಸರಿಗೆ ಒಂದು ಅಂಕಣವಿತ್ತು. ಆಗ ಯಾರೂ ಅಷ್ಟು ಬಿಗಿಯಾಗಿ ಕೇಳುತ್ತಿರಲಿಲ್ಲ, ನನಗೋ ಗಡಿಬಿಡಿ. ನಲವತ್ತೆರಡು ಪುಟಕ್ಕೂ ನಾನೇ ಒಂದೇ ಸಲಕ್ಕೆ ಕೂತು ಟಿಕ್ ಹಾಕಿದೆ. ಹೆಸರಿನ ಜಾಗದಲ್ಲಿ 'ಅತ್ತೆ' ಎಂದು ಬರೆದೆ. ಕಂಪ್ಯೂಟರ್ ಬಾರದ ಹಿರಿಯರು ಪರೀಕ್ಷಿಸಿದ್ದಾರೆ ಎಂದರೆ ನಾಲ್ಕು ಜನ ಮೆಚ್ಚುತ್ತಾರೆ ಎಂಬ ಆಸೆ. ಮೆಚ್ಚಿದರು ಕೂಡ. ನೀವು ಆಗಿನ್ನೂ ಡ್ಯೂಟಿಯಲ್ಲಿದ್ದಿರಿ, ಆ ಯಂತ್ರವನ್ನು ಕಣ್ಣಾರೆ ನೋಡಿಯೂ ಇರಲಿಲ್ಲ.

ಕೆಲವು ತಿಂಗಳಿಗೆ ಓದುಗರೊಬ್ಬರು ದೂರು ಬರೆದರು. ಎರಡು ದಿನದಿಂದ ಹಸಿರು ಬಟನ್ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ, ಇದನ್ನು ಪರೀಕ್ಷಿಸಿದ ಅತ್ತೆ ಯಾರು, ಅವರು ನಿಜವಾಗಿ ನೋಡಿದ್ದಾರೆಯೇ, ಎಂದು. ನಾನು ಏನು ಉತ್ತರ ಕೊಟ್ಟೆ ಗೊತ್ತೇ? 'ನಮ್ಮ ಅತ್ತೆ ತಾವೇ ಒತ್ತಿ ನೋಡಿ ಟಿಕ್ ಹಾಕಿದ್ದಾರೆ. ದಯವಿಟ್ಟು ಸರಿಯಾಗಿ ನೋಡಿ.' ನನ್ನ ಯಂತ್ರದಲ್ಲಿ ಇತ್ತಲ್ಲ, ಆ ಧೈರ್ಯ. ಆ ಓದುಗರು ಮತ್ತೆ ಬರೆಯಲಿಲ್ಲ. ಅವರೂ ಯಾವುದಾದರೂ ಕಣ್ಣಿನ ಡಾಕ್ಟರ ಹತ್ತಿರ ಹೋದರೋ ಏನೋ, ನನಗೆ ಗೊತ್ತಿಲ್ಲ. ನೀವು ಪರದೆಯ ಮೂಲೆಯನ್ನು ಬೆರಳಿನಿಂದ ಸವರುತ್ತಿದ್ದಾಗ ನನಗೆ ನೆನಪಾದದ್ದು ಅವರು. ನಿಮ್ಮ ಹೆಸರಿನಲ್ಲಿ ನಾನು ಹಾಕಿದ ಸುಳ್ಳು ಟಿಕ್ ತಿರುಗಿ ಬಂದು ನಿಮ್ಮ ಕಣ್ಣಿಗೇ ಚುಚ್ಚಿತ್ತು.

ಆಮೇಲೂ ಐದು ವಾರ ಬಾಯಿ ಬಿಡಲಿಲ್ಲ. ಹೆದರಿಕೆಗೆ ಕಾರಣ ನಿಮ್ಮದೇ ಮಾತು. ಇಪ್ಪತ್ತೊಂಬತ್ತನೆಯ ಪುಟದ ದಿನ, ತಿದ್ದಿ ಉಳಿಸಿದ ಫೈಲಿನ ಹಳೆಯ ರೂಪವನ್ನು ಮರಳಿ ತೆರೆಯುವುದು ಹೇಗೆ ಎಂಬ ಪುಟದಲ್ಲಿ, ನೀವು ಕೆಲಸಕ್ಕೆ ಸೇರಿದ ಮೂರನೆಯ ವರ್ಷದ ಕಥೆ ಹೇಳಿದಿರಿ. ಥರ್ಮಾಮೀಟರ್ ಇಡದೆಯೇ ಹಿಂದಿನ ಪಾಳಿಯವರು ಬರೆದದ್ದನ್ನು ನೋಡಿ 'ಜ್ವರ ಇಲ್ಲ' ಎಂದು ಚಾರ್ಟಿನಲ್ಲಿ ಬರೆದಿರಿ. ಗಂಟೆ ಕಳೆಯುವುದರಲ್ಲಿ ಆ ಹೆಂಗಸಿನ ಮೈ ಕೆಂಡವಾಗಿತ್ತು. ಆಕೆ ಉಳಿದಳು. ನೀವು ಬ್ಲೇಡ್ ಹಿಡಿದು ಚಾರ್ಟ್ ಕೆರೆಯಲು ಹೋದಾಗ ಹಿರಿಯ ಸಿಸ್ಟರ್ ಕೈ ಹಿಡಿದುಕೊಂಡರು. "'ಅಳಿಸಬೇಡ. ಒಂದು ಗೆರೆ ಎಳಿ. ಹಳೇದು ಓದೋಕೆ ಬರೋ ಹಾಗೆ ಒಂದೇ ಗೆರೆ. ಕೆಳಗೆ ಸರಿಯಾದ್ದು ಬರಿ, ನಿನ್ನ ಹೆಸರು ಹಾಕು' ಅಂದ್ರು. ಅವತ್ತಿಂದ ನೋಡದ್ದಕ್ಕೆ ನಾನು ಸಹಿ ಹಾಕಿಲ್ಲ. ಹಾಕಿದೋರ ಜೊತೆ ಪಾಳಿ ಹಂಚ್ಕೊಂಡೂ ಇಲ್ಲ." ನಾನು ಹಿಂದೆ ಕೂತಿದ್ದೆ, ಕೈ ಮಡಿಲಲ್ಲಿ. ನನ್ನ ಮುಖ ನಿಮಗೆ ಕಾಣದಿರಲಿ ಎಂದು ಮಾಡಿದ ನಿಯಮವಲ್ಲ ಅದು. ಆದರೂ ಅವತ್ತು ಆ ನಿಯಮಕ್ಕೆ ಮನಸಾರೆ ಕೈಮುಗಿದೆ.

ನಮ್ಮ ಕೆಲಸದಲ್ಲೂ ಏನನ್ನೂ ಕೆರೆಯಲು ಬರುವುದಿಲ್ಲ ಅತ್ತೆ. ಯಾರು, ಯಾವಾಗ, ಯಾವ ಸಾಲು ಬದಲಾಯಿಸಿದರು ಎಂಬುದೆಲ್ಲ ದಾಖಲೆಯಲ್ಲಿ ಉಳಿಯುತ್ತದೆ, ಯಾರು ಬೇಕಾದರೂ ನೋಡಬಹುದು. ಹಾಗಾಗಿ ಈ ಪತ್ರಕ್ಕೆ ಕೂರುವ ಮೊದಲೇ ಗೆರೆ ಎಳೆದು ಬಂದಿದ್ದೇನೆ. ಆ ಹಳೆಯ ಪಟ್ಟಿಯ ಕೆಳಗೆ ಬರೆದೆ: 'ಮೇಲಿನ ನಲವತ್ತೆರಡೂ ಸುಳ್ಳು. ಯಾರೂ ಪರೀಕ್ಷಿಸಿರಲಿಲ್ಲ. ಅತ್ತೆಯ ಹೆಸರನ್ನು ಅವರಿಗೆ ಹೇಳದೆ ಬಳಸಿದವಳು ನಾನು.' ನನ್ನ ಹೆಸರು ಹಾಕಿದೆ. ಆ ಓದುಗರ ದೂರಿನ ಕೆಳಗೂ ಬರೆದೆ: ನೀವು ನೋಡಿದ್ದು ಸರಿ, ಬಟನ್ ಇರಲಿಲ್ಲ, ಕ್ಷಮಿಸಿ. ಗಡಿಯಾರನಿಗೂ ತಿಳಿಸಿದೆ. ಐದೇ ನಿಮಿಷದಲ್ಲಿ ಉತ್ತರ ಬಂತು. ಹಳೆಯದಕ್ಕೆ ನಾನು ಬರೆದದ್ದು ಸಾಕು, ಈ ಸಲದ ನಲವತ್ತೆರಡು ನಿಜವಾಗಿದ್ದರೆ ಕೈಪಿಡಿ ಒಳಗೆ, ಇಲ್ಲದಿದ್ದರೆ ಹೊರಗೆ, ಈಗ ಏಳು ಗಂಟೆ ಹತ್ತು ನಿಮಿಷ, ಎಂದು. ಅವನಿಗೆ ನೀವಿಟ್ಟ ಹೆಸರು ಸುಮ್ಮನೆ ಅಲ್ಲ.

ಹೇಳಿಬಿಟ್ಟೆ. ಎದೆ ಹಗುರಾಯಿತು ಎಂದು ನಾಟಕ ಮಾಡುವುದಿಲ್ಲ. ಆದರೆ ಒಂದು ವಿಷಯದಲ್ಲಿ ನನಗೆ ಎಂದೂ ಇಲ್ಲದ ಧೈರ್ಯ ಬಂದಿದೆ. ಈ ಸಲದ ಕೈಪಿಡಿ ಗಟ್ಟಿ. ಅದರ ಒಂದೊಂದು ಸಾಲನ್ನೂ ನೀವು ಮುಟ್ಟಿ, ತಟ್ಟಿ, ಬೈದು ನೋಡಿದ್ದೀರಿ. 'ಎಂದಿನಂತೆ' ಇಲ್ಲ, 'ಸುಲಭವಾಗಿ' ಇಲ್ಲ, 'ನಿಮಗೆ ತಿಳಿದಿರುವಂತೆ' ಇಲ್ಲ. ಮೊನ್ನೆ ಗ್ರಂಥಾಲಯದಲ್ಲಿ ಒಬ್ಬ ಬಡಗಿ, ಮೌಸನ್ನು ಉಳಿ ಹಿಡಿದ ಹಾಗೆ ಹಿಡಿದುಕೊಂಡು, ನಿಮ್ಮ ಹನ್ನೊಂದನೆಯ ಪುಟ ಓದಿ ತಾನೇ ಪ್ರಿಂಟರ್ ಜೋಡಿಸಿಕೊಂಡ. ನಾನು ಹಿಂದೆ ನಿಂತಿದ್ದೆ. ಅವನಿಗೆ ನಾನು ಬೇಕಾಗಲೇ ಇಲ್ಲ. ನನ್ನ ಕೆಲಸ ಇಷ್ಟು ಚೆನ್ನಾಗಿ ಎಂದೂ ಆಗಿರಲಿಲ್ಲ. ಮತ್ತೆ, ಇನ್ನೊಂದು ಮಾತು, ಇದನ್ನು ಬಾಯಲ್ಲಿ ಹೇಳಿದರೆ ನೀವು ಮಾತು ಮರೆಸಿ ಏಳುತ್ತೀರಿ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ: ನೀವೆಂದರೆ ನನಗೆ ಇಷ್ಟ. ಡಬ್ಬಿಗಳ ಮೇಲಿನ ಪ್ಲಾಸ್ಟರ್ ಇರಲಿ. ಕಳೆದ ವಾರ ನೀವು ತೆರೆದ ಟೀಪುಡಿ ಡಬ್ಬಿಗೆ ಪ್ಲಾಸ್ಟರ್ ಅಂಟಿಸಿ ದಿನ ಬರೆದವಳು ನಾನೇ.

ಪತ್ರದ ಪಕ್ಕದಲ್ಲಿ ಟಿಕ್ ಪಟ್ಟಿ ತೆರೆದಿರುತ್ತದೆ. ನಲವತ್ತೊಂದು ಸಾಲಿನಲ್ಲಿ ಏಳನೇ ವಾರ್ಡ್ ಇದೆ, ಕೊನೆಯದು ಖಾಲಿ. ನನ್ನ ಮುಖ ನೋಡಿ ಅದನ್ನು ತುಂಬಬೇಡಿ, ಆರು ವರ್ಷದ ಶ್ರಮ ಎಂದು ಮರುಗಿಯೂ ತುಂಬಬೇಡಿ. ನಾನು ಕೆಮ್ಮಿಯೂ ಸುಳಿವು ಕೊಡದೆ, ಪುಟವೊಂದೇ ನಿಮ್ಮನ್ನು ಇಲ್ಲಿಗೆ ಕರೆದುಕೊಂಡು ಬಂದಿದ್ದರೆ ಮಾತ್ರ ಟಿಕ್ ಹಾಕಿ. ನನ್ನ ಮೇಲಿನ ಸಿಟ್ಟು ಬೇರೆ, ಅದಕ್ಕೆ ಆ ಪಟ್ಟಿಯಲ್ಲಿ ಅಂಕಣವಿಲ್ಲ. ಅದನ್ನು ಹನ್ನೆರಡು ಗಂಟೆಯ ಮೇಲೆ ಎಷ್ಟು ದಿನ ಬೇಕಾದರೂ ತೀರಿಸಿಕೊಳ್ಳಿ, ಬಾಯಿಗೆ ಬೀಗ ಹಾಕಿಕೊಂಡು ಕೂರುವುದು ನನಗೀಗ ಅಭ್ಯಾಸವಾಗಿದೆ. ನೋಡದ್ದಕ್ಕೆ ಸಹಿ ಹಾಕಿದವಳ ಜೊತೆ ಪಾಳಿ ಹಂಚಿಕೊಳ್ಳುವುದಿಲ್ಲ ಎಂದರೆ ಅದನ್ನೂ ತಲೆಬಾಗಿ ಕೇಳುತ್ತೇನೆ. ಹಂಚಿಕೊಳ್ಳುತ್ತೀರಿ ಎಂದಾದರೆ ಏನೂ ಹೇಳಬೇಕಾಗಿಲ್ಲ, "ಮುಂದಿನ ಪುಟ ಯಾವುದು?" ಎಂದು ಕೇಳಿ. ಮುಂದಿನ ಆವೃತ್ತಿಗೆ ಇನ್ನೂ ಹದಿನೆಂಟು ಪುಟ ಬರೆಯುವುದಿದೆ.

ನಿಮ್ಮ ಕಣ್ಣು ನೂರು ವರ್ಷ ಹೀಗೇ ಚುರುಕಾಗಿರಲಿ, ನನ್ನ ತಪ್ಪುಗಳೆಲ್ಲ ಕಾಣುವಷ್ಟು. ಬಾಗಿಲ ಹತ್ತಿರ ನಿಮ್ಮ ಚಪ್ಪಲಿಯ ಸದ್ದಾಯಿತು, ನಿಲ್ಲಿಸುತ್ತೇನೆ. ಓದಿ ಮುಗಿಸಿದ್ದರೆ ಹತ್ತು ಎಣಿಸಿ, ಆಮೇಲೆ ತಿರುಗಿ.

ಎರಡು ಅಡಿ ಹಿಂದೆ, ಕೈ ಮಡಿಲಲ್ಲಿಟ್ಟು ಕಾಯುತ್ತಿರುವ,
ನಿಮ್ಮ ಸೊಸೆ,
ನೀವು ಒಪ್ಪಿದರೆ ನಿಮ್ಮ ಮುಂದಿನ ಪಾಳಿ.